ಇಪ್ಪತ್ತು ಸೀಟಿನ ಸಾಕ್ಷಿ

ಸಾಲಗಾಮೆ ರಸ್ತೆಯ ನಮ್ಮ ಮೆಡಿಕಲ್ ಸ್ಟೋರಿನ ಷಟರು
ಅರ್ಧ ಇಳಿದ ಮೇಲೆ ಬಗ್ಗಿ ಒಳಬಂದಳು
ಹಾಸನ–ಬೇಲೂರು ಗಾಡಿಯ ಕಂಡಕ್ಟರ್ ರತ್ನಾಕ್ಷಿ.
ಖಾಕಿಯ ಮೇಲೆ ಚೀಲದ ಪಟ್ಟಿ ಒತ್ತಿದ ಬೆವರು,
ಕೈಯಲ್ಲೊಂದು ಬಿಳಿ ಡಬ್ಬಿ, ನಾದಿನಿ ಕೊಟ್ಟದ್ದಂತೆ.
"ಗಂಧಕದ ಪುಡಿ ಕಣಕ್ಕಾ. ಮುಖದ ಗೆರೆ ಹೋಯ್ತವಂತೆ.
ನಿಜವಾ? ನೀನು ಓದಿದೋಳು, ಹೇಳು."

ಮುಚ್ಚಳ ತಿರುವಿ ಮೂಸಿದೆ.
ನನಗೆ ಗೊತ್ತಿದ್ದ ಗಂಧಕವೇ ಬೇರೆ:
ಹಾಸ್ಟೆಲಿನಲ್ಲಿ ಕಜ್ಜಿ ಹಬ್ಬಿದ ವರ್ಷ
ವಾರ್ಡನ್ ನಮ್ಮನ್ನು ಸಾಲಾಗಿ ನಿಲ್ಲಿಸಿ
ಕತ್ತಿನಿಂದ ಅಂಗಾಲಿನವರೆಗೆ ಬಳಿಸಿದ ಹಳದಿ ಮುಲಾಮು;
ಮೂರು ದಿನ ಸ್ನಾನವಿಲ್ಲದೆ
ಕೆಟ್ಟ ಮೊಟ್ಟೆಯ ಹಾಗೆ ನಾರುತ್ತ ಮಗ್ಗಿ ಒಪ್ಪಿಸಿದ್ದು.
ಕಜ್ಜಿ ಹೋಯಿತು.
ಅದಕ್ಕೆ ಸಾಕ್ಷಿ ನಾವು ಅರವತ್ತು ಹುಡುಗಿಯರು,
ಮತ್ತೆ ಎಷ್ಟು ಒಗೆದರೂ ವಾಸನೆ ಬಿಡದ ದಿಂಬಿನ ಚೀಲಗಳು.
ಇದಕ್ಕೋ, ಹೆಸರಲ್ಲಷ್ಟೇ ಗಂಧ.
ನಾಲಗೆಗಿಟ್ಟರೆ ಸಣ್ಣ ಕಹಿ.

"ಎರಡು ದಿನ ಬಿಟ್ಟು ಬಾ" ಅಂದೆ.
ಆ ರಾತ್ರಿ ಸೊಳ್ಳೆ ಬತ್ತಿ ಹಚ್ಚಿಕೊಂಡು
ಕೂತು ಓದಿದೆ ಹೊರದೇಶದ ಹಾಳೆಗಳನ್ನು.
ಕೂದಲಲ್ಲಿ, ಉಗುರಲ್ಲಿ ಗಂಧಕವಿದೆ, ನಿಜ.
ಈರುಳ್ಳಿಯಲ್ಲೂ ಇದೆ, ಬೆಳ್ಳುಳ್ಳಿಯಲ್ಲೂ ಇದೆ.
ಮೈಗೆ ಅದು ಬೇಕು ಎಂಬುದು ಒಂದು ಮಾತು,
ನುಂಗಿದ್ದು ಕಣ್ಣಂಚಿನ ಗೆರೆಯವರೆಗೂ ಹೋಗಿ
ಅಲ್ಲೇ ಇಳಿಯಿತು ಎಂಬುದು ಇನ್ನೊಂದು.
ನಡುವೆ ಹೊಟ್ಟೆಯಿದೆ, ಈಲಿಯಿದೆ, ನೆತ್ತರಿದೆ,
ಎಷ್ಟೊಂದು ಸ್ಟಾಪುಗಳು.

ಮೂರನೆಯ ದಿನ ಬಂದಳು. ಟೀ ಲೋಟ ಕೊಟ್ಟು ಹೇಳಿದೆ:
ಇಪ್ಪತ್ತು ಹೆಂಗಸರು, ಹದಿನಾರು ವಾರ.
ಕೆಲವರಿಗೆ ಈ ಪುಡಿ, ಉಳಿದವರಿಗೆ ಅಕ್ಕಿ ಹಿಟ್ಟು,
ತಾನು ನುಂಗಿದ್ದು ಯಾವುದೆಂದು ಯಾರಿಗೂ ತಿಳಿಯದ ಹಾಗೆ.
ಕ್ಯಾಮೆರಾ ಇಟ್ಟು ಗೆರೆ ಎಣಿಸಿದರು.
ಪುಡಿಯವರದು ತುಸು ತಗ್ಗಿತಂತೆ.
ಆಮೇಲೆ ಇನ್ನೊಂದು ಪರೀಕ್ಷೆ, ಸ್ವಲ್ಪ ದೊಡ್ಡದು,
ಅದೂ ಹಾಗೇ ಹೇಳುತ್ತೆ.

"ಖರ್ಚು ಯಾರ್ದು?"
ಹಣದ ಚೀಲ ತೊಡೆ ಮೇಲಿಟ್ಟುಕೊಂಡು ಕೇಳಿದಳು.
ಪುಡಿ ಮಾಡುವವರದೇ, ಅಂದೆ.

ಟೀ ನೆತ್ತಿಗೇರುವಷ್ಟು ನಕ್ಕಳು.
"ಇಪ್ಪತ್ತಾ? ಸಂತೆ ದಿನ ನನ್ನ ಫುಟ್‌ಬೋರ್ಡಲ್ಲೇ ಅಷ್ಟು ಜನ ಇರ್ತಾರೆ.
ಇಪ್ಪತ್ತು ಸೀಟು ತುಂಬ್ತು ಅಂತ
ಡಿಪೋ ಮ್ಯಾನೇಜರು ಹೊಸ ರೂಟು ಬಿಡ್ತಾರಾ?
ಇನ್ನು ಆ ಖರ್ಚಿನ ಮಾತು.
ಟಿಕೆಟ್ ಕೊಟ್ಟೋಳೇ ಚೆಕಿಂಗಿಗೂ ಹತ್ತಿದಂಗಾಯ್ತು.
ನಾನು ಕಳ್ಳಿ ಅಲ್ಲ ಕಣಕ್ಕಾ, ಹನ್ನೊಂದು ವರ್ಷ ಆಯ್ತು,
ಒಂದು ಮೆಮೋ ಇಲ್ಲ.
ಆದ್ರೂ ನನ್ನ ಲೆಕ್ಕ ನಾನೇ ತಾಳೆ ನೋಡ್ಕಂಡ್ರೆ
ಯಾರು ಒಪ್ತಾರೆ?"

ಸುಳ್ಳು ಅಂತಲ್ಲ, ಇನ್ನೂ ಗೊತ್ತಿಲ್ಲ ಅಂತ, ಅಂದೆ.
ಹೇಳುತ್ತಲೇ ನಾಚಿಕೆಯಾಯಿತು:
ಇಷ್ಟೊಂದು ಬೀರು, ಇಷ್ಟೊಂದು ಡ್ರಾಯರು,
'ಗೊತ್ತಿಲ್ಲ' ಎಂಬುದನ್ನು ಪೊಟ್ಟಣ ಕಟ್ಟಿ ಕೊಡಲು
ಒಂದು ಚೂರು ಕಾಗದವಿಲ್ಲ.
ಬಿಸಿಲಿಗೆ ಹಚ್ಚುವ ಮುಲಾಮು ತೋರಿಸಿದೆ.
ಅದಕ್ಕೆ ಪುರಾವೆ ಗಟ್ಟಿ, ಬೆಲೆಯೂ ಗಟ್ಟಿ.
ತಿರುಗಿಸಿ ನೋಡಿ, ಎಂ.ಆರ್.ಪಿ. ಓದಿ, ಕೆಳಗಿಟ್ಟಳು.

ಆಗಲೇ ಅವಳ ಕಣ್ಣು ಬಿತ್ತು,
ನನ್ನ ಟಿಫಿನ್ ಬಾಕ್ಸಿನ ಹಿಂದೆ,
ಅದೇ ಬಿಳಿ ಡಬ್ಬಿ, ಚಮಚ ಸಮೇತ.

"ಅದ್ಯಾರ್ದಕ್ಕಾ?"

ನಾನು ಬಿಲ್ ಪುಸ್ತಕ ಹುಡುಕತೊಡಗಿದೆ.
"ಎಷ್ಟನೇ ವಾರ?"
ಒಂಬತ್ತು.
"ಗೆರೆಗಾ?"
ಅಲ್ಲ, ಭಂಗಿಗೆ.
"ಭಂಗಿಗೂ ಪರೀಕ್ಷೆ ಮಾಡವ್ರಾ?"
ನಾನು ಓದಿದ್ದರಲ್ಲಿ ಎಲ್ಲೂ ಇಲ್ಲ.

ಈ ಸಲ ನಗಲಿಲ್ಲ.
ಚಿಲ್ಲರೆ ನಾಣ್ಯದ ವಾಸನೆಯ ಬೆರಳುಗಳಿಂದ
ನನ್ನ ಗಲ್ಲ ಹಿಡಿದು ಟ್ಯೂಬ್‌ಲೈಟಿನ ಕಡೆ ತಿರುಗಿಸಿ,
ಹರಿದ ನೂರರ ನೋಟು ನೋಡುವಂತೆ
ತುಂಬಾ ಹೊತ್ತು ನೋಡಿದಳು,
ಎಡಗೆನ್ನೆ, ಬಲಗೆನ್ನೆ, ಮತ್ತೆ ಎಡಗೆನ್ನೆ.

"ಗೊತ್ತಾಯ್ತಿಲ್ಲ ಕಣಕ್ಕಾ,
ಬೆಳಕು ಸಾಲ್ದು" ಎಂದಳು.